ವಾದಿಯೇ ತೀರ್ಪು ಬರೆದಾಗ: ಮಾರ್ಕ್ ವಿಲ್ಕ್ಸ್ ಮತ್ತು ಶ್ರೀರಂಗಪಟ್ಟಣದ ಚರಿತ್ರೆ



ಚರಿತ್ರೆ ಬರೆಯುವವನನ್ನು ನ್ಯಾಯಾಧೀಶನಿಗೆ ಹೋಲಿಸುವುದು ಹಳೆಯ ರೂಢಿ. ಇಬ್ಬರೂ ಸಾಕ್ಷಿ ಕೇಳುತ್ತಾರೆ, ದಾಖಲೆ ತಿರುವಿ ಹಾಕುತ್ತಾರೆ, ಎರಡು ಹೇಳಿಕೆ ಒಂದಕ್ಕೊಂದು ತಾಳೆಯಾಗದಿದ್ದರೆ ಯಾವುದನ್ನು ನಂಬಬೇಕೆಂದು ತೂಗಿ ನೋಡುತ್ತಾರೆ. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ತಾನೇ ಕಕ್ಷಿಗಾರನಾಗಿರುವ ಮೊಕದ್ದಮೆಯನ್ನು ನ್ಯಾಯಾಧೀಶ ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ಚರಿತ್ರಕಾರನಿಗೆ ಅಂಥ ತಡೆಯಿಲ್ಲ. ಗೆದ್ದವರ ಕಡೆಯ ಅಧಿಕಾರಿಯೇ ಸೋತವರ ಚರಿತ್ರೆಯನ್ನು ಬರೆಯಬಹುದು, ಅದನ್ನೇ ಮುಂದಿನ ತಲೆಮಾರುಗಳು ಕೊನೆಯ ತೀರ್ಪೆಂದು ಓದಿಕೊಂಡು ಬರಬಹುದು. ಮೈಸೂರಿನ ವಿಷಯದಲ್ಲಿ ನಡೆದದ್ದು ಇದೇ. ಲೆಫ್ಟಿನೆಂಟ್ ಕರ್ನಲ್ ಮಾರ್ಕ್ ವಿಲ್ಕ್ಸ್ ಬರೆದ ದಕ್ಷಿಣ ಭಾರತದ ಚಾರಿತ್ರಿಕ ಚಿತ್ರಣದ ಮೊದಲ ಸಂಪುಟ 1810ರಲ್ಲಿ, ಉಳಿದೆರಡು 1817ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೃಷ್ಣರಾಜಪೇಟೆ ಈ ನಾಲ್ಕು ತಾಲ್ಲೂಕುಗಳ ಬಗೆಗೆ ಶಾಲೆಯ ಪುಸ್ತಕದಿಂದ ಗ್ಯಾಸೆಟಿಯರಿನವರೆಗೆ ನಾವು ಓದಿರುವುದರಲ್ಲಿ ಬಹುಪಾಲಿನ ಬೇರು ಆ ಮೂರು ಸಂಪುಟಗಳಲ್ಲಿದೆ.

ವಿಲ್ಕ್ಸ್ ಪಕ್ಷಪಾತಿಯೇ ಎಂಬ ಪ್ರಶ್ನೆಗೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ಪಕ್ಷಪಾತಿಯೇ ಹೌದು, ಈಸ್ಟ್ ಇಂಡಿಯಾ ಕಂಪನಿಯ ಸಂಬಳ ತಿಂದವನು, ಕಂಪನಿಯ ಯುದ್ಧವನ್ನು ಸಮರ್ಥಿಸಿದವನು. ನನ್ನ ಪ್ರಶ್ನೆ ಬೇರೆ. ಪಕ್ಷಪಾತಿಯಾದ ಚರಿತ್ರಕಾರ ತನ್ನ ತೀರ್ಪಿನ ಮೇಲೆ ಮೇಲ್ಮನವಿ ಹೋಗಲು ಬೇಕಾದ ಸಾಕ್ಷ್ಯವನ್ನು ಕಡತದಲ್ಲಿ ಉಳಿಸಿದ್ದಾನೆಯೇ, ಅಳಿಸಿದ್ದಾನೆಯೇ? ಈ ಅಳತೆಗೋಲು ಹಿಡಿದರೆ ವಿಲ್ಕ್ಸ್ ತನ್ನ ಟೀಕಾಕಾರರು ಹೇಳುವುದಕ್ಕಿಂತ ಮೇಲೆ ನಿಲ್ಲುತ್ತಾನೆ. ಅವನನ್ನು ಕಣ್ಣುಮುಚ್ಚಿ ಉದ್ಧರಿಸುವವರು ತಿಳಿದಿರುವುದಕ್ಕಿಂತ ಎಷ್ಟೋ ಕೆಳಗೆ ನಿಲ್ಲುತ್ತಾನೆ.

ಇಂಥ ಚರಿತ್ರಕಾರರು ಆ ಕಾಲದಲ್ಲಿ ಇಂಗ್ಲಿಷರ ವಸಾಹತುಗಳಲ್ಲೆಲ್ಲ ಇದ್ದರು. ನ್ಯೂಯಾರ್ಕಿನ ವಿಲಿಯಂ ಸ್ಮಿತ್ ವಕೀಲ. 1757ರಲ್ಲಿ ತನ್ನ ಪ್ರಾಂತ್ಯದ ಚರಿತ್ರೆಯನ್ನು ಪ್ರಕಟಿಸಿದ. ಅಲ್ಲಿನ ರಾಜಕೀಯದಲ್ಲಿ ಒಂದು ಬಣದ ಮನುಷ್ಯನಾಗಿದ್ದುಕೊಂಡೇ ಆ ರಾಜಕೀಯದ ಕಥೆ ಹೇಳಿದ. ಅಮೆರಿಕದ ಕ್ರಾಂತಿಯ ಕಾಲದಲ್ಲಿ ಬಹಳ ದಿನ ಅತ್ತಿತ್ತ ತೂಗಾಡಿ, ಕೊನೆಗೆ ದೊರೆಯ ಕಡೆ ನಿಂತು, 1786ರಲ್ಲಿ ಕೆನಡಾದ ಕ್ವಿಬೆಕ್ಕಿಗೆ ಮುಖ್ಯ ನ್ಯಾಯಾಧೀಶನಾಗಿ ಹೋದ. ಮ್ಯಾಸಚೂಸೆಟ್ಸಿನ ಥಾಮಸ್ ಹಚಿನ್‌ಸನ್ ಅಲ್ಲಿನ ಮುಖ್ಯ ನ್ಯಾಯಾಧೀಶ, ಆಮೇಲೆ ಗವರ್ನರ್, ಜೊತೆಗೆ ಅದೇ ಪ್ರಾಂತ್ಯದ ಚರಿತ್ರಕಾರ. 1765ರ ಆಗಸ್ಟಿನಲ್ಲಿ ಸ್ಟಾಂಪ್ ತೆರಿಗೆಯ ವಿರುದ್ಧ ರೊಚ್ಚಿಗೆದ್ದ ಜನ ಅವನ ಮನೆಗೆ ನುಗ್ಗಿದಾಗ ಚರಿತ್ರೆಯ ಹಸ್ತಪ್ರತಿ ಬೀದಿಯ ಕೆಸರಿಗೆ ಬಿತ್ತು, ಪರಿಚಯದ ಪಾದ್ರಿಯೊಬ್ಬರು ಅದನ್ನು ಹೆಕ್ಕಿ ಉಳಿಸಿದರು. ಸ್ಮಿತ್ ಕ್ವಿಬೆಕ್ಕಿಗೆ ಹೊರಟ ವರ್ಷವೇ ಲಾರ್ಡ್ ಕಾರ್ನ್‌ವಾಲಿಸ್ ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾಗಿ ಅಮೆರಿಕವನ್ನು ಕಳೆದುಕೊಂಡ ಆ ಸೇನಾಪತಿಯೇ 1792ರಲ್ಲಿ ಶ್ರೀರಂಗಪಟ್ಟಣದ ಕೋಟೆಯೆದುರು ನಿಂತು ಟಿಪ್ಪುವಿನಿಂದ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ಪಡೆದ. ಕಾವೇರಿಯ ದಂಡೆಯಲ್ಲಿ ನಡೆದದ್ದನ್ನು ಮೈಸೂರಿನ ಮನೆವಾರ್ತೆ ಎಂದಷ್ಟೇ ಓದಿದರೆ ಅದರ ಅರ್ಧ ಅರ್ಥ ಜಾರಿಹೋಗುತ್ತದೆ.

ಇನ್ನು ವಿಲ್ಕ್ಸ್. ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪದವನು. 1780ರ ದಶಕದ ಆರಂಭದಲ್ಲಿ ಮದರಾಸಿನ ಸೈನ್ಯಕ್ಕೆ ಸೇರಿದ. ಖಡ್ಗಕ್ಕಿಂತ ಲೇಖನಿ ಹಿಡಿದ ಸೇವೆಯೇ ಹೆಚ್ಚು: ಕಾರ್ಯದರ್ಶಿ, ಸೇನಾಪತಿಯ ಆಪ್ತಾಧಿಕಾರಿ, ಆಮೇಲೆ ಮದರಾಸಿನ ಗವರ್ನರನ ಸೈನಿಕ ಕಾರ್ಯದರ್ಶಿ. 1803ರಿಂದ 1808ರವರೆಗೆ ಮೈಸೂರಿನ ರೆಸಿಡೆಂಟ್, ಅಂದರೆ ಅಲ್ಲಿನ ಆಸ್ಥಾನದಲ್ಲಿ ಕಂಪನಿಯ ಪ್ರತಿನಿಧಿ. 1813ರಲ್ಲಿ ಸೇಂಟ್ ಹೆಲೆನಾ ದ್ವೀಪದ ಗವರ್ನರ್ ಆದ. 1815ರ ಅಕ್ಟೋಬರಿನಲ್ಲಿ ನೆಪೋಲಿಯನ್ನನನ್ನು ಸೆರೆಯಾಳಾಗಿ ಅಲ್ಲಿಗೆ ತಂದಾಗ ಆ ದ್ವೀಪ ವಿಲ್ಕ್ಸನ ಕೈಯಲ್ಲಿತ್ತು. ಟಿಪ್ಪುವಿಗೆ ಕೈರೋದಿಂದ ಪತ್ರ ಬರೆದ ಮನುಷ್ಯನೊಡನೆ ಟಿಪ್ಪುವಿನ ಚರಿತ್ರಕಾರ ಕೂತು ಮಾತಾಡಿದ ಎಂಬುದು ಚರಿತ್ರೆಯ ಕುಚೋದ್ಯಗಳಲ್ಲೊಂದು. ಕೊನೆಗಾಲದಲ್ಲಿ ತನ್ನ ಹುಟ್ಟೂರಿನ ಶಾಸನಸಭೆಯಾದ ಹೌಸ್ ಆಫ್ ಕೀಸ್‌ನ ಸ್ಪೀಕರ್ ಆದ. 1866ರವರೆಗೂ ಆ ಸಭೆ ಕಾನೂನು ಮಾಡುವುದರ ಜೊತೆಗೆ ಮೇಲ್ಮನವಿಗಳನ್ನು ಆಲಿಸುವ ನ್ಯಾಯಸ್ಥಾನವೂ ಆಗಿತ್ತು. ವಿಲ್ಕ್ಸ್ 1831ರಲ್ಲಿ ತೀರಿಕೊಂಡ.

ರೆಸಿಡೆಂಟ್ ಆಗಿದ್ದ ಐದು ವರ್ಷಗಳಲ್ಲಿ ವಿಲ್ಕ್ಸ್ ಕೂತ ಜಾಗ ಕಾನೂನಿನ ದೃಷ್ಟಿಯಿಂದ ವಿಚಿತ್ರವಾದದ್ದು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಮೈಸೂರನ್ನು ಒಡೆಯರ ಮನೆತನದ ಎಳೆಯ ಮಗುವಿಗೆ ಕೊಟ್ಟರು. ಶ್ರೀರಂಗಪಟ್ಟಣದ ದ್ವೀಪವನ್ನು ಮಾತ್ರ ಕಂಪನಿ ತನ್ನಲ್ಲೇ ಇಟ್ಟುಕೊಂಡಿತು. ಅಂದರೆ ರಂಗನಾಥಸ್ವಾಮಿಯ ಗುಡಿ ಕಂಪನಿಯ ಸೀಮೆಯಲ್ಲಿ. ಹೊಳೆ ದಾಟಿ ಬಡಗಣಕ್ಕೆ ನಡೆದರೆ ಫ್ರೆಂಚ್ ದಂಡು ಬೀಡುಬಿಟ್ಟಿದ್ದ ಹಿರೋಡೆ, ಇಂದಿನ ಪಾಂಡವಪುರ, ಮಹಾರಾಜರ ಸೀಮೆಯಲ್ಲಿ. ಆಮೇಲೆ ಮೈಸೂರು ಸರ್ಕಾರ ಆ ದ್ವೀಪಕ್ಕೆಂದು ವರ್ಷಕ್ಕೆ 50,000 ರೂಪಾಯಿ ಗುತ್ತಿಗೆ ಹಣ ಕಟ್ಟುತ್ತಿತ್ತು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದಾಗ ಬೆಂಗಳೂರಿನ ದಂಡುಪ್ರದೇಶಕ್ಕೆ ಬದಲಾಗಿ ದ್ವೀಪ ಮೈಸೂರಿಗೆ ಸೇರಿತು. ತನ್ನದೇ ಹಳೆಯ ರಾಜಧಾನಿಗೆ ಒಂದು ರಾಜ್ಯ ಬಾಡಿಗೆ ಕಟ್ಟಿದ ಈ ಸಂಗತಿ ನಮ್ಮ ಜನಪ್ರಿಯ ಚರಿತ್ರೆಗಳಲ್ಲಿ ಕಾಣಿಸಿಕೊಳ್ಳುವುದೇ ಅಪರೂಪ.

ಅಂಥ ಜಾಗದಲ್ಲಿ ಕೂತು ವಿಲ್ಕ್ಸ್ ಸಾಕ್ಷ್ಯ ಕೂಡಿಹಾಕಿದ. ಅವನ ಆಕರಗಳ ಪಟ್ಟಿ ದೊಡ್ಡದು. ಕರ್ನಲ್ ಮೆಕೆಂಜಿಯ ಮೈಸೂರು ಸರ್ವೆಯ ಕಾಲದಲ್ಲಿ ಕಾವಲಿ ವೆಂಕಟ ಬೊರಯ್ಯ, ಅವನು ತೀರಿಕೊಂಡ ಮೇಲೆ ಅವನ ತಮ್ಮ ಲಕ್ಷ್ಮಯ್ಯ ಮೊದಲಾದವರು ಊರೂರು ತಿರುಗಿ ತಂದ ಶಾಸನ, ಕೈಫಿಯತ್ತುಗಳು. ಟಿಪ್ಪುವಿನ ಅರಮನೆಯಲ್ಲಿ ಸಿಕ್ಕ ಪಾರಸಿ ಕಾಗದಗಳು. ಹೈದರ್ ಮತ್ತು ಟಿಪ್ಪುವಿನ ಕೈಕೆಳಗೆ ದುಡಿದು ಇನ್ನೂ ಬದುಕಿದ್ದವರ ಬಾಯಿಮಾತು. ಈ ಆಕರಗಳನ್ನು ವಿವರಿಸುವಾಗಲೇ ಅವನ ಬಲವೂ ದೌರ್ಬಲ್ಯವೂ ಒಟ್ಟಿಗೆ ಹೊರಬೀಳುತ್ತವೆ.

ಒಡೆಯರ ಮನೆತನದವರನ್ನು ಅರಮನೆಯಿಂದ ಹೊರಗೆ ಹಾಕಿದ ಮೇಲೆ ಅಲ್ಲಿದ್ದ ಕನ್ನಡದ ಓಲೆ, ಕಡತಗಳನ್ನು ಕುದುರೆಗಳಿಗೆ ಹುರುಳಿ ಬೇಯಿಸುವ ಒಲೆಗೆ ಹಾಕಲು ಟಿಪ್ಪು ಅಪ್ಪಣೆ ಮಾಡಿದನೆಂದು ವಿಲ್ಕ್ಸ್ ಬರೆಯುತ್ತಾನೆ. ಕಥೆ ಮನಸ್ಸಿಗೆ ನಾಟುವಂಥದು. ಇವತ್ತಿಗೂ ವೇದಿಕೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಅದೇ ವಿಲ್ಕ್ಸ್ ತಾನು ಬಳಸಿದ ಇನ್ನೊಂದು ಆಕರದ ಬಗೆಗೂ ಹೇಳುತ್ತಾನೆ: ಮೈಸೂರು ಅರಸರ ಚರಿತ್ರೆಯ ಒಂದು ಪಾರಸಿ ಹಸ್ತಪ್ರತಿ, 1799ರಲ್ಲಿ ಶ್ರೀರಂಗಪಟ್ಟಣದ ಅರಮನೆಯಲ್ಲಿ ಸಿಕ್ಕಿದ್ದು. ಕನ್ನಡದ ಎರಡು ಪುಸ್ತಕಗಳಿಂದ ಅಸದ್ ಅನ್ವರ್ ಮತ್ತು ಗುಲಾಂ ಹುಸೇನ್ ಎಂಬಿಬ್ಬರು ಟಿಪ್ಪುವಿನ ಅಪ್ಪಣೆಯ ಮೇರೆಗೆ ಮಾಡಿದ ಅನುವಾದ ಅದು. ಕನ್ನಡದ ಚರಿತ್ರೆಗಳನ್ನು ಒಲೆಗೆ ಹಾಕಿಸಿದ ದೊರೆ ಅವನ್ನೇ ಪಾರಸಿಗೂ ಮಾಡಿಸಿದನೇ? ಎರಡೂ ನಿಜವಾಗಿರಲು ಅಡ್ಡಿಯಿಲ್ಲ. ಬೇಡವೆನಿಸಿದ್ದನ್ನು ಸುಟ್ಟು, ಬೇಕೆನಿಸಿದ್ದನ್ನು ಉಳಿಸಿಕೊಂಡಿರಬಹುದು. ಆದರೆ ಮೊದಲನೆಯದು ಎದುರು ಪಕ್ಷದವರಿಂದ ಕೇಳಿದ ಮಾತು, ಎರಡನೆಯದು ಕೈಯಲ್ಲಿ ಹಿಡಿದು ನೋಡಬಹುದಾದ ದಾಖಲೆ. ಯಾವ ನ್ಯಾಯಾಲಯವೂ ಈ ಎರಡಕ್ಕೆ ಒಂದೇ ತೂಕ ಕೊಡಲಾರದು. ವಿಲ್ಕ್ಸ್ ಇವನ್ನು ಒಂದರ ಎದುರು ಒಂದಿಟ್ಟು ಪಾಟೀಸವಾಲು ಮಾಡಲಿಲ್ಲ. ಆದರೆ ಎರಡನ್ನೂ ಬರೆದಿಟ್ಟ. ಸವಾಲು ಹಾಕುವ ಕೆಲಸ ನಮಗೆ ಉಳಿದದ್ದು ಅವನ ಪ್ರಾಮಾಣಿಕತೆಯಿಂದ. ಎರಡು ಶತಮಾನ ಕಳೆದರೂ ನಾವು ಮೊದಲನೆಯದನ್ನೇ ಹೇಳಿಕೊಂಡು ಬಂದದ್ದು ನಮ್ಮ ಸೋಮಾರಿತನದಿಂದ.

ಹಾಗೆಂದು ಅವನಿಗೆ ಸಾಕ್ಷಿಗಳನ್ನು ಎದುರುಬದುರು ನಿಲ್ಲಿಸುವ ವಿದ್ಯೆ ಬರುತ್ತಿರಲಿಲ್ಲ ಎಂದಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿ ತಿರುಮಲನಿಂದ ಪಡೆದ ಪ್ರಸಂಗವನ್ನು ನೋಡಿ. ವಯಸ್ಸಾಗಿ, ಕಾಯಿಲೆ ಬಿದ್ದು, ತಿರುಮಲ ತಾನಾಗಿ ಪಟ್ಟಣವನ್ನು ಒಪ್ಪಿಸಿ ತಲಕಾಡಿಗೆ ಹೋದನೆಂಬುದು ಒಂದು ಹೇಳಿಕೆ. ಒಳಸಂಚು, ಬಲಪ್ರಯೋಗ ಎಂಬುದು ಇನ್ನೊಂದು. ತಾನು ಪ್ರತಿನಿಧಿಯಾಗಿದ್ದ ಆಸ್ಥಾನದ ಮೂಲಪುರುಷರಿಗೆ ಸಂಬಂಧಿಸಿದ ಪ್ರಸಂಗ ಇದು. ಅರಮನೆಯ ಹೇಳಿಕೆಯನ್ನೇ ಒಪ್ಪಿ ಮುಂದೆ ಸಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ವಿಲ್ಕ್ಸ್ ಹಾಗೆ ಮಾಡದೆ, ಹೇಳಿಕೆಗಳ ಈ ಪರಿಯ ಭಿನ್ನತೆ ನೋಡಿದರೆ ಆಗಿನ ಕಾಲದವರಿಗೇ ಬಿಡಿಸಲಾಗದಷ್ಟು ಸಿಕ್ಕಾದ ಸಂಚು ನಡೆದಿರಬೇಕು ಎಂದು ಬರೆದು ಪ್ರಶ್ನೆಯನ್ನು ತೆರೆದೇ ಇಡುತ್ತಾನೆ. ಇಷ್ಟು ಸಂಯಮ ಟಿಪ್ಪುವಿನ ಅಧ್ಯಾಯಗಳಲ್ಲಿ ಸಿಗುವುದಿಲ್ಲ. 1610ರ ವ್ಯಾಜ್ಯದಲ್ಲಿ ಕಂಪನಿ ಕಕ್ಷಿಗಾರ ಅಲ್ಲ. 1799ರದರಲ್ಲಿ ಅದೇ ವಾದಿ.

ಪೂರ್ಣಯ್ಯನವರ ವಿಷಯ ಇನ್ನೂ ಸೂಕ್ಷ್ಮವಾದದ್ದು. ಹೈದರನಲ್ಲಿ ಬೆಳೆದು, ಟಿಪ್ಪುವಿಗೆ ಮಂತ್ರಿಯಾಗಿ, 1799ರ ನಂತರ ಕಂಪನಿಯ ಒಪ್ಪಿಗೆಯಿಂದ ದಿವಾನರಾದವರು. ಹಿಂದಿನ ಇಬ್ಬರು ಸುಲ್ತಾನರ ಒಳಗಿನ ಸಂಗತಿಗಳಿಗೆ ಅವರಿಗಿಂತ ದೊಡ್ಡ ಸಾಕ್ಷಿ ಇರಲಿಲ್ಲ. ವಿಲ್ಕ್ಸ್ ಅವರಿಂದ ಬಹಳಷ್ಟು ಕೇಳಿ ತಿಳಿದ. ಆದರೆ 1805ರಲ್ಲಿ ಮೈಸೂರಿನ ಆಡಳಿತದ ಬಗ್ಗೆ ಕಂಪನಿಗೆ ವರದಿ ಬರೆದವನೂ ವಿಲ್ಕ್ಸನೇ. ಆ ವರದಿ ಪೂರ್ಣಯ್ಯನವರ ಆಡಳಿತಕ್ಕೆ ಕೊಟ್ಟ ಮೆಚ್ಚುಗೆಯ ಪತ್ರದಂತಿದೆ. 1807ರಲ್ಲಿ ಯಳಂದೂರಿನ ಜಹಗೀರು ಪೂರ್ಣಯ್ಯನವರಿಗೆ ಸಂದಾಗ ರೆಸಿಡೆಂಟ್ ಆಗಿದ್ದವನೂ ಅವನೇ. ಪೂರ್ಣಯ್ಯನವರು ಸುಳ್ಳು ಹೇಳಿದರೆಂದು ನಾನು ಸೂಚಿಸುತ್ತಿಲ್ಲ. ಹಳೆಯ ಯಜಮಾನನ ಬಗೆಗೆ ಹೊಸ ಯಜಮಾನನ ಎದುರು ಮಾತಾಡುವವರ ಹೇಳಿಕೆಯನ್ನು ಯಾವ ಅನುಭವಸ್ಥ ವಕೀಲನೂ ಎರಡು ಸಲ ಓದುತ್ತಾನೆ, ಅಷ್ಟೆ. ಮೊದಲ ಸಂಪುಟ ಬಂದಾಗ ಪೂರ್ಣಯ್ಯನವರು ಇದ್ದರು. 1812ರ ಮಾರ್ಚಿನಲ್ಲಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡರು. ಟಿಪ್ಪುವಿನ ಕಾಲವನ್ನು ಹೇಳುವ ಸಂಪುಟಗಳು ಐದು ವರ್ಷ ಕಳೆದು ಬಂದವು.

ಆ 1805ರ ವರದಿಯಲ್ಲಿ ನ್ಯಾಯಾಡಳಿತದ ಚಿತ್ರವೂ ಇದೆ. ರಾಜಧಾನಿಯಲ್ಲಿ ಅದಾಲತ್; ಅದರಲ್ಲಿ ನ್ಯಾಯ ಹೇಳಲು ಇಬ್ಬರು ಬಕ್ಷಿಗಳು, ಇಬ್ಬರು ಶಿರಸ್ತೇದಾರರು, ಅವರ ಜೊತೆ ಮರ್ಯಾದಸ್ಥರಿಂದ ಆರಿಸಿದ ಆರು ಮಂದಿಯ ಕಾಯಂ ಪಂಚಾಯಿತಿ, ಒಬ್ಬ ಖಾಜಿ, ಒಬ್ಬ ಪಂಡಿತ. ಬಹಿರಂಗದಲ್ಲಿ ಸಾಕ್ಷಿ ಕೇಳಿ ನಾಲ್ಕು ಜನ ಕೂಡಿ ತೀರ್ಮಾನಿಸುವ ಈ ಕ್ರಮವನ್ನು ವಿಲ್ಕ್ಸ್ ಮೆಚ್ಚಿದ್ದ. ತನ್ನ ಪುಸ್ತಕದ ಪಂಚಾಯಿತಿಯಲ್ಲಿ ಮಾತ್ರ ಅವನೊಬ್ಬನೇ ಕೂತ.

ಈಗ ನಮ್ಮ ತಾಲ್ಲೂಕುಗಳಿಗೆ ಬರೋಣ. ಪಾಂಡವಪುರ ತಾಲ್ಲೂಕಿನ ಚಿನಕುರಳಿಯಲ್ಲಿ 1771ರ ಮಾರ್ಚ್ 5ರಂದು ಹೈದರನ ಸೈನ್ಯ ಮರಾಠರ ತ್ರ್ಯಂಬಕರಾಯನ ಕೈಯಲ್ಲಿ ನುಚ್ಚುನೂರಾಯಿತು. ಮೇಲುಕೋಟೆಯ ಬೆಟ್ಟದ ಆಸರೆ ಬಿಟ್ಟು ರಾತ್ರಿ ಶ್ರೀರಂಗಪಟ್ಟಣದತ್ತ ಹಿಮ್ಮೆಟ್ಟಲು ಹೊರಟದ್ದು ಬೆಳಗಾಗುವ ಹೊತ್ತಿಗೆ ದಿಕ್ಕೆಟ್ಟ ಓಟವಾಯಿತು. ವಿಲ್ಕ್ಸನ ವರ್ಣನೆಯ ಅತ್ಯುತ್ತಮ ಪುಟಗಳು ಇಲ್ಲಿವೆ. ಕುಡಿದಿದ್ದ ಹೈದರ್ ಮಗನ ಮೇಲೆ ಕೈಮಾಡಿದ್ದು, ಆ ದಿನ ಕತ್ತಿ ಹಿರಿಯುವುದಿಲ್ಲವೆಂದು ಟಿಪ್ಪು ಆಣೆಯಿಟ್ಟು ಮುಂಡಾಸು ಬಿಸಾಡಿದ್ದು, ಹೈದರನನ್ನು ಹೋಲುತ್ತಿದ್ದ ಯಾಸೀನ್ ಖಾನ್ ತಾನೇ ಹೈದರನೆಂಬಂತೆ ನಟಿಸಿ ಶತ್ರುಗಳನ್ನು ತನ್ನತ್ತ ಸೆಳೆದದ್ದು, ಎಲ್ಲವೂ ಕಣ್ಣಿಗೆ ಕಟ್ಟುತ್ತದೆ. ಅವನ ಹೈದರ್ ಕುಡಿಯುತ್ತಾನೆ, ಹೊಡೆಯುತ್ತಾನೆ, ಸೋಲುತ್ತಾನೆ. ಆದರೂ ಓದುಗನಿಗೆ ದೊಡ್ಡವನಾಗಿಯೇ ಕಾಣುತ್ತಾನೆ. ಟಿಪ್ಪುವಿಗೆ ಈ ಔದಾರ್ಯ ದಕ್ಕಲಿಲ್ಲ. ಹೈದರ್ 1782ರಲ್ಲಿ ರಾಜ್ಯ ಕಳೆದುಕೊಳ್ಳದೆ ಸತ್ತಿದ್ದ. ಅವನ ರಾಜ್ಯವನ್ನು ಕಿತ್ತುಕೊಂಡಿರದಿದ್ದರಿಂದ ಕಂಪನಿ ಯಾರಿಗೂ ಸಮಜಾಯಿಷಿ ಕೊಡಬೇಕಾಗಿರಲಿಲ್ಲ. ಮಗನ ವಿಷಯದಲ್ಲಿ ಅದು ಬೇಕಿತ್ತು.

ಚಿನಕುರಳಿಯ ಗೆಲುವಿನ ಬೆನ್ನಿಗೇ ಮರಾಠರು ಮೇಲುಕೋಟೆಯನ್ನು ದೋಚಿದರು. ತೇರುಗಳಿಗೆ ಬಡಿದಿದ್ದ ಕಬ್ಬಿಣದ ಆಸೆಗೆ ಆ ಮರದ ತೇರುಗಳಿಗೇ ಬೆಂಕಿಯಿಟ್ಟರೆಂದೂ ಉರಿ ದೇವಾಲಯದ ಕಟ್ಟಡಗಳಿಗೆ ಹಬ್ಬಿ ಕೆಲವು ಪೂರ್ತಿ ಸುಟ್ಟುಹೋದವೆಂದೂ ಮೈಸೂರಿನ ಗ್ಯಾಸೆಟಿಯರು ದಾಖಲಿಸಿದೆ. ಅದೇ ಮೇಲುಕೋಟೆಯ ದೇವಾಲಯದಲ್ಲಿ ಟಿಪ್ಪು ಕೊಟ್ಟ ಬೆಳ್ಳಿಯ ಪಾತ್ರೆಗಳಿವೆ. ಅದೇ ಊರಿನ ಮಂಡಯಂ ಅಯ್ಯಂಗಾರ್ ಮನೆತನಗಳು ಟಿಪ್ಪುವಿನ ಕಾಲದ ಹತ್ಯೆಯ ನೆನಪಿನಲ್ಲಿ ನರಕ ಚತುರ್ದಶಿಯ ಹಬ್ಬವನ್ನು ಮಾಡುವುದಿಲ್ಲ. ಸುಟ್ಟ ತೇರು, ಬೆಳ್ಳಿಯ ಪಾತ್ರೆ, ಆಚರಿಸದ ಹಬ್ಬ: ಮೂರೂ ಸಾಕ್ಷ್ಯವೇ, ಮೂರು ಬೇರೆ ಬೇರೆ ಜಾತಿಯ ಸಾಕ್ಷ್ಯ. ಒಂದನ್ನು ಹಿಡಿದು ಉಳಿದೆರಡನ್ನು ಹೊರಗೆ ಹಾಕುವವರು ಇಂದು ಎರಡೂ ಕಡೆ ಇದ್ದಾರೆ. ಅವರು ವಿಲ್ಕ್ಸನಿಗಿಂತ ಕೆಟ್ಟ ನ್ಯಾಯಾಧೀಶರು, ಏಕೆಂದರೆ ವಿಲ್ಕ್ಸ್ ತನಗೆ ಒಗ್ಗದ್ದನ್ನೂ ಬರೆದಿದ್ದಾನೆ.

ಇದಕ್ಕೆ ನನಗೆ ಕಾಣುವ ಅತಿ ಬಲವಾದ ಉದಾಹರಣೆ 1791ರದು. ಆ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಅರಕೆರೆಯ ಹತ್ತಿರ ಟಿಪ್ಪುವನ್ನು ಹಿಮ್ಮೆಟ್ಟಿಸಿ ಕನ್ನಂಬಾಡಿಯವರೆಗೆ ಬಂದ. ಮಳೆ ಹಿಡಿಯಿತು, ಎತ್ತುಗಳು ಸತ್ತವು, ಸೈನಿಕರು ಹಸಿದರು. ಕೋಟೆಗೆ ಹಚ್ಚಲೆಂದು ಎಳೆದು ತಂದ ದೊಡ್ಡ ಫಿರಂಗಿಗಳನ್ನು ತಾವೇ ಒಡೆದುಹಾಕಿ ಹಿಂತಿರುಗಬೇಕಾಯಿತು. ಮೇಲುಕೋಟೆಯತ್ತ ಹೊರಟ ಆ ಸೈನ್ಯದೆದುರು ಇದ್ದಕ್ಕಿದ್ದಂತೆ ಕುದುರೆಸವಾರರು ಕಾಣಿಸಿಕೊಂಡರು. ಶತ್ರುಗಳೆಂದುಕೊಂಡರೆ ಅವರು ಮಿತ್ರರಾದ ಮರಾಠರು. ಮರಾಠರ ದಂಡಿನ ಬಜಾರನ್ನು ವಿಲ್ಕ್ಸ್ ಬಣ್ಣಿಸುವ ರೀತಿ ಮರೆಯಲಾಗದ್ದು. ಕಾಶ್ಮೀರದ ಶಾಲಿನಿಂದ ಬರ್ಮಿಂಗ್‌ಹ್ಯಾಮಿನ ಚೂರಿಯವರೆಗೆ, ವಜ್ರದಿಂದ ಹಿಡಿದು ದೋಚಿದ ಹಳ್ಳಿಯ ಬಡಹುಡುಗಿಯೊಬ್ಬಳ ಬೆಳ್ಳಿಯ ಓಲೆಯವರೆಗೆ ಅಲ್ಲಿ ಎಲ್ಲವೂ ಮಾರಾಟಕ್ಕಿತ್ತು. ದವಸವೂ ಇತ್ತು, ಬೆಲೆ ಮಾತ್ರ ಗಗನಕ್ಕೆ. ಕಂಪನಿಯ ಸೈನ್ಯ ಬದುಕಿಕೊಂಡದ್ದು ಆ ಬಜಾರಿನಿಂದ.

ಆ ಓಲೆಯ ಮಾತನ್ನು ವಿಲ್ಕ್ಸ್ ಬರೆಯಬೇಕಾಗಿರಲಿಲ್ಲ. ಮರಾಠರು ಆಗ ಕಂಪನಿಯ ಮಿತ್ರರು. ಲೂಟಿಯ ಮಾಲನ್ನು ಕೊಂಡವರಲ್ಲಿ ಅವನ ಕಡೆಯವರೂ ಇದ್ದರು. ಪ್ರಜೆಗಳನ್ನು ಕ್ರೂರಿಯ ಕೈಯಿಂದ ಬಿಡಿಸಲು ನಡೆದ ಯುದ್ಧ ಎಂಬ ಅವನ ಪಕ್ಷದ ವಾದಕ್ಕೆ ಅವನ ಪುಟದಲ್ಲಿಯೇ ಎದುರುಸಾಕ್ಷಿ ಹೀಗೆ ಸೇರಿಕೊಂಡಿತು. ಮುಂದೆ, 1916ರಲ್ಲಿ, ಮೈಸೂರಿನ ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಶೃಂಗೇರಿ ಮಠದಲ್ಲಿ ಟಿಪ್ಪು ಜಗದ್ಗುರುಗಳಿಗೆ ಬರೆಸಿದ ಕನ್ನಡದ ಪತ್ರಗಳನ್ನು ಬೆಳಕಿಗೆ ತಂದರು. 1791ರಲ್ಲಿ ಮರಾಠ ಸರದಾರ ಪರಶುರಾಮ ಭಾವುವಿನ ದಂಡಿನವರು ಶೃಂಗೇರಿಯನ್ನು ದೋಚಿದ ಮೇಲೆ ಮಠಕ್ಕೆ ನೆರವು ಕೊಡಿಸಿದ ಸಂಗತಿ ಅವುಗಳಲ್ಲಿದೆ. ವಿಲ್ಕ್ಸನ ಮುಂದೆ ಈ ಕಾಗದಗಳಿರಲಿಲ್ಲ. 1784ರ ಹೊತ್ತಿಗೆ ಕನ್ನಡದಲ್ಲೇ ರಚಿತವಾದ ಹೈದರ್‌ನಾಮೆ ಹೊರಜಗತ್ತಿಗೆ ಗೊತ್ತಾದದ್ದೂ 1930ರ ಪುರಾತತ್ತ್ವ ವರದಿಯಿಂದ. ಮೈಸೂರು ಸರ್ಕಾರ 1930ರ ಸುಮಾರಿಗೆ ಮರ್ರೆ ಹ್ಯಾಮಿಕ್‌ನ ಟಿಪ್ಪಣಿಗಳೊಂದಿಗೆ ವಿಲ್ಕ್ಸನನ್ನು ಮರುಮುದ್ರಿಸಿತು, 1943ರಿಂದ ಸಿ. ಹಯವದನರಾಯರ ಮೈಸೂರು ಚರಿತ್ರೆಯ ಸಂಪುಟಗಳು ಬರತೊಡಗಿದವು. ಮೇಲ್ಮನವಿಯ ವಿಚಾರಣೆ ನಿಜವಾಗಿ ಆರಂಭವಾದದ್ದು ಆಗ.

ವಿಲ್ಕ್ಸ್ ಎಡವಿದ ಜಾಗವನ್ನೂ ಹೇಳಬೇಕು. ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673-1704) ಕಂದಾಯ ಹೆಚ್ಚಿಸಿದಾಗ ರೈತರು ದಂಗೆಯೆದ್ದರು, ಜಂಗಮರು ಮುಂದಾಳುಗಳಾದರು, ದೊರೆ ನಂಜನಗೂಡಿಗೆ ಅವರನ್ನು ಕರೆಸಿ ಕೊಲ್ಲಿಸಿದ, ನೂರಾರು ಮಠಗಳನ್ನು ಕೆಡವಿಸಿದ, ಮಂತ್ರಿ ವಿಶಾಲಾಕ್ಷ ಪಂಡಿತ ಅದಕ್ಕೆ ಪ್ರಾಣ ತೆತ್ತ ಎಂಬುದು ವಿಲ್ಕ್ಸ್ ಹೇಳುವ ಕಥೆ. ಘಟನೆ ನಡೆದು ಒಂದು ಶತಮಾನಕ್ಕೂ ಮೀರಿದ ಮೇಲೆ, ಕೇಳಿಕೆಯ ಆಧಾರದಿಂದ, ತಲೆಗಳ ಮತ್ತು ಮಠಗಳ ಲೆಕ್ಕಸಮೇತ ಅದನ್ನು ಬರೆದ. ಕಂದಾಯದ ಒತ್ತಡ, ದಂಗೆ, ಮಂತ್ರಿಯ ಕೊಲೆ ಇವನ್ನು ನಂಬಲು ಬೇರೆ ಆಧಾರಗಳೂ ಇವೆ. ಆ ಲೆಕ್ಕವನ್ನು ಮಾತ್ರ ನಂತರದ ವಿದ್ವಾಂಸರು ಪ್ರಶ್ನಿಸದೆ ಬಿಡಲಿಲ್ಲ. ಆದರೂ ವಿಲ್ಕ್ಸನ ಅಂಕಿಗಳೇ ಪುಸ್ತಕದಿಂದ ಪುಸ್ತಕಕ್ಕೆ ಸಾಗಿ ಬಂದಿವೆ. ಅಚ್ಚಾದ ಅಂಕಿಗೆ ಅಂಥ ವಶೀಕರಣ ಶಕ್ತಿಯಿದೆ.

ಇಷ್ಟು ಹೊತ್ತು ಯುದ್ಧ, ದೊರೆಗಳ ಮಾತಾಯಿತು. ವಿಲ್ಕ್ಸ್ ಅಪ್ಪಟ ನ್ಯಾಯವಾದಿಯಂತೆ ವಾದ ಹೂಡಿದ ಅಧ್ಯಾಯ ಇವುಗಳಲ್ಲಿ ಇಲ್ಲ; ಮೊದಲ ಸಂಪುಟದ ಐದನೆಯ ಅಧ್ಯಾಯದಲ್ಲಿದೆ. ಅದು ಭೂಮಿಯ ಒಡೆತನದ ಪ್ರಶ್ನೆ. ಹಿಂದೂಸ್ಥಾನದಲ್ಲಿ ನೆಲವೆಲ್ಲ ದೊರೆಯದು, ಉಳುವವನು ಬರೀ ಗೇಣಿದಾರ ಎಂಬುದು ಆ ಕಾಲದ ಯೂರೋಪಿನಲ್ಲಿ ಒಪ್ಪಿತವಾಗಿದ್ದ ಮಾತು. ದೊರೆಯ ಜಾಗಕ್ಕೆ ಬಂದು ಕೂತ ಕಂಪನಿಗೆ ಈ ಮಾತು ಬಹಳ ಅನುಕೂಲದ್ದು. ವಿಲ್ಕ್ಸ್ ಇದನ್ನು ಒಪ್ಪಲಿಲ್ಲ. ಕಾಡು ಕಡಿದು ಹದ ಮಾಡಿದವನದೇ ಹೊಲ ಎಂಬ ಮನುಸ್ಮೃತಿಯ ನಿಯಮ, ಧರ್ಮಶಾಸ್ತ್ರದ ವ್ಯಾಖ್ಯಾನಗಳು, ದಕ್ಷಿಣದ ಶಾಸನಗಳು, ಕೆನರಾ ಸೀಮೆಯ ಭೂದಾಖಲೆಗಳು, ಇವೆಲ್ಲವನ್ನೂ ಮುಂದಿಟ್ಟು, ದೊರೆಗೆ ಇದ್ದದ್ದು ಕಂದಾಯದ ಹಕ್ಕು, ನೆಲದ ಒಡೆತನ ರೈತನದು ಎಂದು ವಾದಿಸಿದ. ಅವನ ಕೊನೆಯ ಸಂಪುಟಗಳು ಬಂದ 1817ರಲ್ಲೇ ಜೇಮ್ಸ್ ಮಿಲ್‌ನ ಭಾರತದ ಚರಿತ್ರೆಯೂ ಬಂತು. ಮಿಲ್ ಭಾರತಕ್ಕೆ ಕಾಲಿಟ್ಟವನಲ್ಲ, ಕಾಲಿಡದಿರುವುದೇ ಲಾಭವೆಂದು ತಿಳಿದವನು. ನೆಲ ದೊರೆಯದೇ ಎಂಬ ಪಕ್ಷ ಅವನದು. ಕಂಪನಿಯ ನೌಕರಿಗೆ ಮುಂದೆ ತಯಾರಾದ ಯುವಕರು ಪಠ್ಯವಾಗಿ ಓದಿದ್ದು ಮಿಲ್‌ನನ್ನು.

ಅದೇ ಅಧ್ಯಾಯದಲ್ಲಿ ವಿಲ್ಕ್ಸ್ ಹಳ್ಳಿಯನ್ನು ಒಂದು ಪುಟ್ಟ ಗಣರಾಜ್ಯವೆಂದು ಬಣ್ಣಿಸುತ್ತಾನೆ. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಅಕ್ಕಸಾಲಿ ಎಂದು ಹನ್ನೆರಡು ಆಯಗಾರರನ್ನು ಎಣಿಸಿ, ದೊರೆಗಳು ಬಂದರೂ ಹೋದರೂ ಈ ವ್ಯವಸ್ಥೆ ಹಾಗೆಯೇ ಉಳಿಯುತ್ತದೆ ಎನ್ನುತ್ತಾನೆ. ಈ ಪುಟಗಳನ್ನು ಕಾರ್ಲ್ ಮಾರ್ಕ್ಸ್ 1867ರ ತನ್ನ ಬಂಡವಾಳ ಗ್ರಂಥದಲ್ಲಿ ಭಾರತದ ಗ್ರಾಮ ಸಮುದಾಯಗಳ ಮಾತು ಬಂದಾಗ ಆಧಾರವಾಗಿ ಹೆಸರಿಸಿದ್ದಾನೆ. ಕಾವೇರಿ ಬಯಲಿನ ನೀರಗಂಟಿಯಂಥವನು ಈ ದಾರಿಯಿಂದ ಜಗತ್ತಿನ ಅತ್ಯಂತ ಚರ್ಚಿತ ಅರ್ಥಶಾಸ್ತ್ರ ಗ್ರಂಥದ ಅಡಿಟಿಪ್ಪಣಿ ಸೇರಿದ.

ಹಳ್ಳಿ ಬದಲಾಗದು ಎಂಬ ಮಾತನ್ನು ವಿಲ್ಕ್ಸನ ಬಜಾರಿನ ಬೆಳ್ಳಿಯ ಓಲೆಯೇ ಒಪ್ಪುವುದಿಲ್ಲ. ಈ ನಾಡಿನ ಶಾಸನಗಳೂ ಒಪ್ಪುವುದಿಲ್ಲ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಮೂರು ಮತ್ತು ನಾಲ್ಕನೆಯ ಸಂಪುಟಗಳಲ್ಲಿ ಈ ಸೀಮೆಯ ಶಾಸನಗಳು ಮೊದಲು ಬಂದವು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳ ಶಾಸನಗಳಿಗೆ ಆರನೆಯ ಸಂಪುಟವೂ (1977), ನಾಗಮಂಗಲ ಸೇರಿದಂತೆ ಉಳಿದವಕ್ಕೆ ಏಳನೆಯದೂ (1979) ಮೀಸಲಾಗಿವೆ. ನಾಗಮಂಗಲ ಸೀಮೆಯ ದೇವರಹಳ್ಳಿಯಲ್ಲಿ ಸಿಕ್ಕ ಗಂಗ ದೊರೆ ಶ್ರೀಪುರುಷನ ತಾಮ್ರಪಟದ ಕಾಲ ಕ್ರಿ.ಶ. 776. ಒಂದು ಜಿನಾಲಯಕ್ಕೆ ಪೊನ್ನಳ್ಳಿ ಎಂಬ ಊರನ್ನು ಬಿಟ್ಟುಕೊಡುವಾಗ ಅದರ ಚೆಕ್ಕುಬಂದಿಯನ್ನು ದಿಕ್ಕು ದಿಕ್ಕಿಗೆ ಗುರುತು ಹೇಳಿ ಬರೆಸಲಾಗಿದೆ. ನೆಲದ ಹಕ್ಕು ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತಿತ್ತು, ಅದಕ್ಕೆ ಬರವಣಿಗೆ ಬೇಕಿತ್ತು, ಎಲ್ಲೆಯ ಬಗ್ಗೆ ತಕರಾರು ಏಳಬಹುದೆಂಬ ಎಚ್ಚರವೂ ಇತ್ತು. ಬ್ರಹ್ಮದೇಯ, ದೇವದಾನ, ಕೆರೆ ಕಟ್ಟಿಸಿದವರಿಗೆ ಬಿಟ್ಟ ಕೊಡಗಿ, ಬಿದ್ದ ವೀರನ ಮನೆಯವರಿಗೆ ಕೊಟ್ಟ ನೆತ್ತರುಗೊಡಗೆ: ಈ ಸಂಪುಟಗಳ ಪುಟ ಪುಟದಲ್ಲಿ ಹಳ್ಳಿಯ ಒಳಗೆ ಹಕ್ಕುಗಳು ಕೈಬದಲಾಯಿಸುತ್ತಿವೆ. ಒಡೆತನದ ಬಗೆಗೆ ವಿಲ್ಕ್ಸನ ವಾದವನ್ನು ಶಾಸನಗಳು ಬಹುಮಟ್ಟಿಗೆ ಎತ್ತಿಹಿಡಿಯುತ್ತವೆ. ಬದಲಾಗದ ಹಳ್ಳಿಯ ವಾದವನ್ನು ತಳ್ಳಿಹಾಕುತ್ತವೆ. ಮಾರ್ಕ್ಸ್ ಎತ್ತಿಕೊಂಡದ್ದು ತಳ್ಳಿಹಾಕಬೇಕಾದ ಭಾಗವನ್ನು ಎಂಬುದು ಬೇರೆ ಮಾತು.

ಆಯಗಾರರ ಕಥೆಯ ಮುಂದಿನ ಭಾಗ ನಮ್ಮ ಕಾಲದ ಕಾನೂನಿನಲ್ಲಿದೆ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಅಣೆಕಟ್ಟು ಇಪ್ಪತ್ತು ವರ್ಷದಲ್ಲಿ ಎದ್ದುನಿಂತ ಮೇಲೆ ಬಯಲಿನ ನೀರು ಹಳ್ಳಿಯ ಕೈಯಿಂದ ಇಲಾಖೆಯ ಕೈಗೆ ಹೋಯಿತು. ನಾಲೆಯ ತೂಬು ಎತ್ತುವುದು ಸಂಬಳದ ಸೌಡಿಗಳ ಕೆಲಸವಾಯಿತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗಾಣಿಸಿತು. ಆ ಹುದ್ದೆಗಳಿಗೆ ಅಂಟಿಕೊಂಡಿದ್ದ ಇನಾಂತಿ ಜಮೀನು, ಅಂದರೆ ತೋಟಿ ಇನಾಂತಿ, ತಳವಾರಿಕೆ ಇನಾಂತಿ, ನೀರಗಂಟಿ ಇನಾಂತಿ, ಸರ್ಕಾರದ ವಶಕ್ಕೆ ಬಂದು, ಹಿಂದಿನ ಹುದ್ದೆದಾರರಿಗೆ ಮರುಮಂಜೂರಾಗಬೇಕೆಂದು ಕಾಯ್ದೆ ಹೇಳಿತು. ಮರುಮಂಜೂರಿಗೆ ಮೊದಲೇ ಮಾರಿದ ಜಮೀನು ಯಾರದು? ಅಣ್ಣನ ಹೆಸರಿನಲ್ಲಿ ಹುದ್ದೆಯಿದ್ದರೆ ತಮ್ಮನ ಪಾಲೆಷ್ಟು? 1978ರ ತಿದ್ದುಪಡಿ ಜಮೀನಿನ ಪರಭಾರೆಗೆ ಕಟ್ಟುನಿಟ್ಟು ತಂದ ಮೇಲೆ ಈ ಪ್ರಶ್ನೆಗಳು ತಹಸೀಲ್ದಾರರ ಕಚೇರಿಯಿಂದ ಹೈಕೋರ್ಟಿನವರೆಗೆ ಹತ್ತಿದವು. ನೆಲ ದೊರೆಯದೋ ಉಳುವವನದೋ ಎಂದು ವಿಲ್ಕ್ಸ್ ಕೇಳಿದ್ದು ಸರ್ಕಾರದ್ದೋ ತೋಟಿಯದೋ ಎಂಬ ರೂಪದಲ್ಲಿ ಮತ್ತೆ ಎದ್ದು ನಿಂತಿತು, ಅದೂ ಅವನು ಹನ್ನೆರಡರ ಪಟ್ಟಿಯಲ್ಲಿ ಹೆಸರಿಸಿದ ಅದೇ ಮನೆತನಗಳ ಬಾಯಿಂದ. ಈ ಮೊಕದ್ದಮೆಗಳಲ್ಲಿ ಹಕ್ಕು ಸಾಧಿಸಲು ಕಕ್ಷಿಗಾರರು ಹಾಜರುಪಡಿಸುವುದು ಹಳೆಯ ಇನಾಂ ರಿಜಿಸ್ಟರಿನ ನಕಲು, ಶಾನುಭೋಗರ ಮನೆಯ ಲೆಕ್ಕದ ಪುಸ್ತಕ, ಕಂದಾಯ ರಸೀದಿ, ವಂಶವೃಕ್ಷ. ರೆಸಿಡೆಂಟನ ಮುಂದೆ ಪೂರ್ಣಯ್ಯನವರು ನಿಂತು ಹೇಳಿದ ಸಾಕ್ಷ್ಯ ನಮಗೆ ಗೊತ್ತು. ನೀರಗಂಟಿಯ ಸಾಕ್ಷ್ಯ ಈ ನಾಲ್ಕು ತಾಲ್ಲೂಕುಗಳ ಕಚೇರಿಗಳಲ್ಲಿ ಕಡತದ ನಂಬರು ಹೊತ್ತು ಕೂತಿದೆ. ಮೈಸೂರಿನ ಚರಿತ್ರೆಯನ್ನು ಇನ್ನು ಬರೆಯುವವರು ಅದನ್ನು ಕರೆಸಿ ಕೇಳಬೇಕು.